ಜೋಳದ ಪಾಳಿಯೂ ಕಾಲೇಜಿನ ಆಟಗಾರನೂ

ಕಾಲೇಜಿನ ಹೆಸರಿನಲ್ಲಿ ಕಣಕ್ಕಿಳಿಯುವ ವಿದ್ಯಾರ್ಥಿಗೆ ಹಣ ಸಲ್ಲಬೇಕೆ ಎಂಬ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿ ಬಹಳ ಕಾಲವಾಯಿತು. ನಮ್ಮಲ್ಲಿ ಅದು ದೈಹಿಕ ಶಿಕ್ಷಣ ವಿಭಾಗದ ಕೊಠಡಿಯನ್ನು ದಾಟಿ ಹೊರಬಂದುದು ಕಡಿಮೆ. ಕನ್ನಡ ವಿಭಾಗಕ್ಕೆ ಇದರಲ್ಲಿ ಏನು ಕೆಲಸ ಎಂದು ಕೇಳುವವರು ತಮ್ಮ ಪಠ್ಯವನ್ನೇ ಒಮ್ಮೆ ತೆರೆದು ನೋಡಬಹುದು. ಆಟದ ಕಣ, ಕುಲದ ತಕರಾರು, ಕಣದಲ್ಲಿಯೇ ದೊರೆತ ದೊಡ್ಡ ಕೊಡುಗೆ, ಆ ಕೊಡುಗೆಯ ಋಣ ಎಲ್ಲವೂ ಪಂಪನಲ್ಲಿವೆ.

941ರ ಸುಮಾರಿಗೆ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ರಾಜಕುಮಾರರು ತಾವು ಕಲಿತ ಶಸ್ತ್ರವಿದ್ಯೆಯನ್ನು ಜನರ ಮುಂದೆ ತೋರಿಸುವ ಸಂದರ್ಭವನ್ನು ನೆನೆಯಿರಿ. ಅರ್ಜುನನಿಗೆ ಸಮನಾಗಿ ನಿಂತ ಕರ್ಣನ ಬಿಲ್ಲನ್ನು ಯಾರೂ ಹಳಿಯುವುದಿಲ್ಲ, ಕುಲವನ್ನು ಹಳಿಯುತ್ತಾರೆ. ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಪ್ರತಿಭೆಗೆ ಸಂದ ಮನ್ನಣೆಯೆಂದು ಇದನ್ನು ಓದುವುದು ವಾಡಿಕೆ. ಅದು ನಿಜವೂ ಹೌದು. ಆದರೆ ಮುಂದೆ ತಾನು ಯಾರೆಂಬುದು ತಿಳಿದ ಮೇಲೂ ಕರ್ಣನು ತಮ್ಮಂದಿರ ಕಡೆಗೆ ಬರಲಾರದೆ ಹೋಗುವುದು ಆ ಮನ್ನಣೆಯ ಕಾರಣದಿಂದಲೇ. ಉಂಡ ಜೋಳಕ್ಕೆ ಪ್ರತಿಯಾಗಿ ಒಡೆಯನಿಗಾಗಿ ಪ್ರಾಣವನ್ನೂ ಕೊಡಬೇಕೆಂಬ ಕಟ್ಟುಪಾಡನ್ನು ನಮ್ಮ ಹಳೆಯ ಕಾವ್ಯ, ಶಾಸನಗಳು ಜೋಳದ ಪಾಳಿ, ಜೋಳವಾಳಿ ಎಂದು ಕರೆದವು. ಪಡೆದುದು ಎಷ್ಟು ಎಂಬುದಕ್ಕಿಂತ, ಪಡೆದವನು ಅದರಿಂದ ಎಷ್ಟು ಕಟ್ಟುಬಿದ್ದನು ಎಂಬುದೇ ಈ ಪದದ ಒಳಗಿರುವ ವಿಚಾರ.

ಕಾವ್ಯದಿಂದ ಗರಡಿಗೆ ಬಂದರೂ ಸಂಗತಿ ಬೇರೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರ ದರ್ಜೆಗಳು, ಅವರ ಸಾಧನೆಯ ಕ್ರಮ, ಅರಸನು ಅವರಿಗೆ ಒದಗಿಸಬೇಕಾದ ಆಹಾರ ಇವೆಲ್ಲ ಅಲ್ಲಿ ಬರುತ್ತವೆ. ಅಲ್ಲಿನ ಜ್ಯೇಷ್ಠಿಕ ಎಂಬ ದರ್ಜೆಯ ಹೆಸರಿಗೂ ನಮ್ಮ ‘ಜಟ್ಟಿ’ಗೂ ನಂಟು ಹೇಳುತ್ತಾರೆ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ, ರಕ್ತ ಚಿಮ್ಮಿದೊಡನೆ ನಿಲ್ಲುವ ವಜ್ರಮುಷ್ಟಿ ಕಾಳಗದವರು ಇದೇ ಜಟ್ಟಿಗಳು. ಬಲವನ್ನು ಮೆರೆಸಬೇಕಾದರೆ ಬಲವನ್ನು ಸಾಕಬೇಕು ಎಂಬ ಲೆಕ್ಕ ಅರಸರಿಗೆ ತಿಳಿದಿತ್ತು. ಆಟಗಾರನು ಬರಿಯ ಪ್ರೀತಿಗಾಗಿ ಆಡತಕ್ಕವನು, ಹಣ ಮುಟ್ಟಿದರೆ ಮೈಲಿಗೆ ಎಂಬ ಭಾವನೆ ನಮ್ಮ ಗರಡಿಯಲ್ಲಿ ಹುಟ್ಟಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದುಡಿಯದೆ ಉಣ್ಣಬಲ್ಲ ವರ್ಗ ಬೆಳೆಸಿದುದು.

ಆ ಭಾವನೆಯನ್ನು ಅಮೆರಿಕ ಒಂದು ಪದವನ್ನಾಗಿ ಮಾಡಿಕೊಂಡಿತು. 1955ರಲ್ಲಿ ಕೊಲರಾಡೋ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ಫುಟ್‌ಬಾಲ್ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕೆಲಸಗಾರರಿಗೆ ಸಲ್ಲುವ ಪರಿಹಾರ ತನಗೂ ಸಲ್ಲಬೇಕೆಂದು ಅವರ ಪತ್ನಿ ಕೇಳಿದರು. ಕಾಲೇಜು ಫುಟ್‌ಬಾಲಿನ ವ್ಯಾಪಾರ ನಡೆಸುತ್ತಿಲ್ಲವೆಂದು 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಬೇಡಿಕೆಯನ್ನು ತಳ್ಳಿಹಾಕಿತು. ಅದೇ ಕಾಲದಲ್ಲಿ ಎನ್‌ಸಿಎಎ ಎಂಬ ಕಾಲೇಜು ಕ್ರೀಡೆಗಳ ಮಂಡಳಿ ‘ಸ್ಟೂಡೆಂಟ್ ಅಥ್ಲೀಟ್’ ಎಂಬ ಜೋಡುನುಡಿಯನ್ನು ಬಳಕೆಗೆ ತಂದಿತು. ಆಟಗಾರರನ್ನು ಕಾನೂನು ನೌಕರರೆಂದು ಎಣಿಸೀತೆಂಬ ಭಯವೇ ಅದರ ಹಿಂದಿತ್ತೆಂದು ಮಂಡಳಿಯನ್ನು ದಶಕಗಳ ಕಾಲ ನಡೆಸಿದ ವಾಲ್ಟರ್ ಬಯರ್ಸ್ ನಿವೃತ್ತಿಯ ಬಳಿಕ 1995ರ ತಮ್ಮ ಪುಸ್ತಕದಲ್ಲಿ ಬರೆದರು. ಸಮಾಸವೊಂದು ವಿಧವೆಯ ಪರಿಹಾರಕ್ಕೆ ಅಡ್ಡ ನಿಲ್ಲಬಲ್ಲದೆಂಬುದನ್ನು ವ್ಯಾಕರಣದ ತರಗತಿಯಲ್ಲಿ ಹೇಳಿಕೊಡುವುದಿಲ್ಲ!

ಮುಂದೆ ದೂರದರ್ಶನದ ಹಣ ಹರಿದು ಬಂತು. ತರಬೇತುದಾರರ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರನ್ನು ಮೀರಿದ ಉದಾಹರಣೆಗಳೂ ಬಂದವು. ಆಟಗಾರನಿಗೆ ಮಾತ್ರ ವಿದ್ಯಾರ್ಥಿವೇತನ, ಊಟ, ವಸತಿ. ತನ್ನ ಹೆಸರು, ತನ್ನ ಚಿತ್ರಗಳಿಂದ ತಾನೇ ಸಂಪಾದಿಸುವುದಕ್ಕೂ ಅವನಿಗೆ ನಿಷೇಧವಿತ್ತು. 2021ರ ಜೂನಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮಂಡಳಿಯ ವಿರುದ್ಧ ಒಮ್ಮತದ ತೀರ್ಪು ನೀಡಿತು. ಮರುತಿಂಗಳೇ ಹೆಸರು ಮತ್ತು ರೂಪದ ಮೇಲಿನ ನಿಷೇಧ ಸಡಿಲಿತು. 2025ರ ಜೂನಿನಲ್ಲಿ ಆದ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್.

ಹೆಸರು ಮತ್ತು ರೂಪದ ಒಡೆತನವೆಂಬ ಮಾತು ತಾಳವಾಡಿ ಸೀಮೆಯವರಿಗೆ ಹೊಸದಾಗಿ ಕೇಳಿಸಬೇಕಾಗಿಲ್ಲ. ಗಾಜನೂರಿನ ಡಾ. ರಾಜಕುಮಾರ್ ಸಂಭಾವನೆ ಪಡೆಯದೆ ನಂದಿನಿ ಹಾಲಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಹಾಲು ರೈತರದೆಂಬ ಕಾರಣಕ್ಕೆ ಜನ ಇದನ್ನು ಇಂದಿಗೂ ನೆನೆಯುತ್ತಾರೆ. ಅವರು ತಮ್ಮ ಮುಖವನ್ನು ಉಚಿತವಾಗಿ ಕೊಡಬಲ್ಲವರಾದುದು ಆ ಮುಖ ಅವರದೇ ಆಗಿದ್ದುದರಿಂದ. ಕೊಡದಿರುವ ಹಕ್ಕಿಲ್ಲದವನು ಕೊಟ್ಟದ್ದನ್ನು ದಾನವೆನ್ನಲಾಗದು. ಪ್ರವೇಶದ ತಿಂಗಳುಗಳಲ್ಲಿ ಪದಕ ಗೆದ್ದ ವಿದ್ಯಾರ್ಥಿಗಳ ಭಾವಚಿತ್ರಗಳು ಕಾಲೇಜುಗಳ ಫ್ಲೆಕ್ಸ್‌ಗಳಲ್ಲಿ ತೂಗುವುದನ್ನು ಕಂಡವರು, ಆ ಹುಡುಗನನ್ನೋ ಹುಡುಗಿಯನ್ನೋ ಯಾರಾದರೂ ಕೇಳಿದ್ದರೆ ಎಂದು ಒಮ್ಮೆ ಯೋಚಿಸಲಿ.

ಇಷ್ಟಾದರೂ ಅಮೆರಿಕದ ಪರಿಹಾರವನ್ನು ಇಲ್ಲಿಗೆ ಎತ್ತಿ ತರಲಾಗದು. ನಮ್ಮ ಅಂತರ ಕಾಲೇಜು ಕಬಡ್ಡಿಗೆ ಟಿಕೆಟ್ಟಿಲ್ಲ. ಹಂಚಿಕೊಳ್ಳಬೇಕಾದ ಲಾಭವೇ ಇಲ್ಲ. ಇರುವುದು ಕ್ರೀಡಾ ಕೋಟಾದ ಸೀಟು, ಶುಲ್ಕ ವಿನಾಯಿತಿ, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸದ ಆಸೆ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವಿದೆ. ಅದರಲ್ಲಿ ಅವರ ಕೈಗೆ ಬರುವ ಭತ್ಯೆ 1.20 ಲಕ್ಷ. ತಮಿಳುನಾಡಿನ ಮುಖ್ಯಮಂತ್ರಿ ಟ್ರೋಫಿ ಕ್ರೀಡಾಕೂಟದಲ್ಲಿ ಕಾಲೇಜು ವಿಭಾಗವೂ ಇದ್ದು, ಗೆದ್ದವರಿಗೆ ನಗದು ಬಹುಮಾನ ಸಲ್ಲುತ್ತದೆ. ಒಳ್ಳೆಯದೇ. ಆದರೆ ಬಹುಮಾನ ಗೆದ್ದವರದು, ಖರ್ಚು ಆಡಿದವರೆಲ್ಲರದು.

ಆ ಖರ್ಚು ಎಂಥದೆಂಬುದನ್ನು ದೊಡ್ಡಗಾಜನೂರಿನಲ್ಲಿ ನಿಂತು ನೋಡಬೇಕು. ಇಲ್ಲಿಂದ ಸತ್ಯಮಂಗಲದ ಕಡೆಗೆ ಓದಲು ಹೋಗುವವರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಹುಲಿ ಸಂರಕ್ಷಿತ ಅರಣ್ಯದ ನಡುವಿನ ಆ ದಾರಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಚಾಮರಾಜನಗರದ ಕಡೆಗೆ ಹೋಗುವವರು ರಾಜ್ಯದ ಗಡಿಯನ್ನೇ ದಾಟಬೇಕು. ತರಗತಿ ಮುಗಿದ ಮೇಲೆ ಎರಡು ಗಂಟೆ ಅಭ್ಯಾಸವೆಂದರೆ ಪೇಟೆಯ ಹುಡುಗನಿಗೆ ಎರಡು ಗಂಟೆಯಷ್ಟೇ. ಬೆಟ್ಟದ ಹುಡುಗಿಗೆ ಅದು ಕೊನೆಯ ಬಸ್ಸು, ಇಲ್ಲವೇ ಹಾಸ್ಟೆಲಿನ ಬಾಡಿಗೆ. ರಜೆಯಲ್ಲಿ ಹೊಲದ ಕೂಲಿಗೆ ಹೋಗಿ ಶುಲ್ಕ ಹೊಂದಿಸುವವನಿಗೆ ಒಂದು ವಾರದ ಪಂದ್ಯಾವಳಿ ಎಂದರೆ ಒಂದು ವಾರದ ಕೂಲಿಯ ನಷ್ಟ. ಹೀಗೆ ಯಾರಿಗೂ ಏನನ್ನೂ ಕೊಡದಿದ್ದರೆ ತಂಡದಲ್ಲಿ ಉಳಿಯುವವರು ಉಳಿಯಬಲ್ಲವರು ಮಾತ್ರ. ಆಯ್ಕೆ ಮೈದಾನಕ್ಕೆ ಬರುವ ಮುನ್ನವೇ ಮುಗಿದಿರುತ್ತದೆ. ಕರ್ಣನ ಕುಲ ಕೇಳಿದವರು ಬಾಯಿ ಬಿಟ್ಟು ಕೇಳಿದರು ಎಂಬಷ್ಟೇ ವ್ಯತ್ಯಾಸ.

ಆದುದರಿಂದ ನಮ್ಮ ಕಾಲೇಜುಗಳು ಸಂಬಳದ ಮಾತನ್ನು ಸದ್ಯಕ್ಕೆ ಬದಿಗಿಡಬಹುದು. ಸಂಬಳ ಬಂದರೆ ಅದರ ಬೆನ್ನಿಗೇ ಒಡೆಯನೂ ಬರುತ್ತಾನೆ; ಪರೀಕ್ಷೆಗಿಂತ ಪಂದ್ಯ ಮೊದಲು ಎನ್ನುತ್ತಾನೆ. ಬಸ್ಸಿನ ದರ, ಅಭ್ಯಾಸದ ದಿನಗಳ ಊಟ, ಬೂಟು, ಪಂದ್ಯಾವಳಿಯ ದಿನಗಳಿಗೆ ಭತ್ಯೆ ಇವು ಸಂಬಳವಲ್ಲ. ಕಾಲೇಜಿನ ಕೆಲಸಕ್ಕೆ ವಿದ್ಯಾರ್ಥಿ ತನ್ನ ಕೈಯಿಂದ ಹಾಕಿದ ಹಣವನ್ನು ಹಿಂದಿರುಗಿಸುವುದು. ಇದಕ್ಕೆ ಋಣವೆಂಬ ಹೆಸರು ಬೇಡ. ಇನ್ನೊಂದು ವಿಷಯ ಇವೆಲ್ಲಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದುದು: ಕಾಲೇಜಿನ ಜೆರ್ಸಿ ತೊಟ್ಟು ಆಡುವಾಗ ಮಂಡಿ ಮುರಿದರೆ ಆಸ್ಪತ್ರೆಯ ಖರ್ಚು ಯಾರದು, ಆಡಲಾರದವನಾದ ಮೇಲೆ ಆ ಶುಲ್ಕ ವಿನಾಯಿತಿ ಉಳಿಯುತ್ತದೆಯೆ. ತಂಡದ ಅರ್ಜಿಗೆ ಸಹಿ ಹಾಕುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಎರಡನ್ನು ಬರವಣಿಗೆಯಲ್ಲಿ ಕೇಳಬಹುದು. ಕೇಳುವ ಭಾಷೆ ಕನ್ನಡವಾದರೂ ಆದೀತು, ತಮಿಳಾದರೂ ಆದೀತು.