ಕ್ಲಬ್ಬಿನ ಮೇಜು, ಕ್ಯಾಸಿನೋದ ಮೇಜು



ಯುಗಾದಿ ಬಂತೆಂದರೆ ನಮ್ಮ ಗಡಿಯ ಹಳ್ಳಿಗಳಲ್ಲಿ ಇಸ್ಪೀಟಿನ ಕಟ್ಟು ಹೊರಗೆ ಬರುತ್ತದೆ. ತೆಲುಗಿನವರು ಪೇಕಾಟ ಎನ್ನಲಿ, ಮರಾಠಿಯವರು ಪತ್ತೆ ಎನ್ನಲಿ, ಎಲೆ ಮಾತ್ರ ಅದೇ ಐವತ್ತೆರಡು. ಹಬ್ಬದ ದಿನ ಅರಳಿಕಟ್ಟೆಯ ಮೇಲೆ ನಾಲ್ಕು ಜನ ಕೂತು ಆಡಿದರೆ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಪಟ್ಟಣದಲ್ಲಾದರೆ ಅದೇ ಆಟಕ್ಕೆ ಒಂದು ಕಟ್ಟಡ, ಬಾಗಿಲಿಗೊಂದು 'ರಿಕ್ರಿಯೇಷನ್ ಕ್ಲಬ್' ಎಂಬ ಬೋರ್ಡು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ರೈತರೊಬ್ಬರು ಮೂರು ತಿಂಗಳಲ್ಲಿ ಎರಡನೆಯ ಸಲ ಒಡವೆ ಅಡವಿಡಲು ಬಂದರು. ಬೀಜ ಗೊಬ್ಬರಕ್ಕೆ ಸಾಲಲಿಲ್ಲವೇ ಎಂದು ಕೇಳಿದೆ. "ಇಲ್ಲ ಸಾರ್, ಕ್ಲಬ್ಬಿನಲ್ಲಿ ಸ್ವಲ್ಪ ಹೋಯಿತು. ಆದರೆ ಅದು ಜೂಜಲ್ಲ. ರಮ್ಮಿ ಆಡಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಂತೆ" ಎಂದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ಉಳಿದರ್ಧವನ್ನು ಈ ದಿನ ತಮ್ಮ ಮುಂದೆ ಇಡುತ್ತೇನೆ.

ಮೊದಲು ಕ್ಯಾಸಿನೋ ಎಂದರೇನು ನೋಡೋಣ. ಗೋವಾದಲ್ಲಿರುವ ನಮ್ಮ ಕೇಳುಗರು ಪಣಜಿಯ ಮಾಂಡವಿ ನದಿಯಲ್ಲಿ ದೀಪ ಹಾಕಿಕೊಂಡು ನಿಂತ ಹಡಗುಗಳನ್ನು ಕಂಡಿದ್ದಾರೆ. 1976ರ ಗೋವಾ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ದಾರಿ ಮಾಡಿದರು. ಈ ಕ್ಯಾಸಿನೋದಲ್ಲಿ ಸಾಮಾನ್ಯವಾಗಿ ನಿಮ್ಮ ಎದುರಾಳಿ ಪಕ್ಕದ ಕುರ್ಚಿಯವನಲ್ಲ; ಆ ಮನೆಯೇ ನಿಮ್ಮ ಎದುರಾಳಿ.

ರೂಲೆಟ್ ಎಂಬ ಚಕ್ರವನ್ನು ತೆಗೆದುಕೊಳ್ಳಿ. ಒಂದೇ ಸೊನ್ನೆಯಿರುವ ಚಕ್ರದಲ್ಲಿ 37 ಮನೆಗಳು. ನಿಮ್ಮ ಅಂಕಿ ಬಂದರೆ ಕಟ್ಟಿದ್ದರ 35 ಪಟ್ಟು ಕೊಟ್ಟು, ಕಟ್ಟಿದ ಹಣವನ್ನೂ ಹಿಂತಿರುಗಿಸುತ್ತಾರೆ. ಈಗ 37 ಮನೆಗೂ ತಲಾ 100 ರೂಪಾಯಿ ಕಟ್ಟಿದಿರಿ ಎನ್ನಿ. ಹಾಕಿದ್ದು 3,700, ಬಂದದ್ದು 3,600. ಯಾವ ಅಂಕಿ ಬಿದ್ದರೂ ಮನೆಗೆ 100 ರೂಪಾಯಿ ಉಳಿಯಿತು. ಮೋಸವೇನೂ ಇಲ್ಲ, ಲೆಕ್ಕವೇ ಹಾಗಿದೆ. ಒಂದು ರಾತ್ರಿ ಒಬ್ಬ ಗೆಲ್ಲಬಹುದು, ಆದರೆ ವರ್ಷದ ಕೊನೆಗೆ ಗೆಲ್ಲುವುದು ಮನೆಯೇ. 2020ರ ಫೆಬ್ರವರಿಯಿಂದ ಸ್ವತಃ ಗೋವಾ ಸರ್ಕಾರವೇ ಗೋವಾದವರು ಕ್ಯಾಸಿನೋದಲ್ಲಿ ಆಡಕೂಡದೆಂದು ನಿರ್ಬಂಧ ತಂದಿತು. ಮಹಾರಾಷ್ಟ್ರದಲ್ಲಿ 1976ರಲ್ಲೇ ಕ್ಯಾಸಿನೋ ಕಾಯ್ದೆ ಆಗಿದ್ದರೂ ಅದನ್ನು ಒಂದು ದಿನವೂ ಜಾರಿಗೆ ತರಲಿಲ್ಲ. 2023ರಲ್ಲಿ ರದ್ದೇ ಮಾಡಿದರು.

ಊರಿಗೆ ಕ್ಯಾಸಿನೋ ಬೇಡ, ಇಸ್ಪೀಟು ಕ್ಲಬ್ಬು ಸಾಕು ಎನ್ನುವವರು ಇದ್ದಾರೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಕ್ಲಬ್ಬಿನಲ್ಲಿ ಸದಸ್ಯರು ತಮ್ಮ ತಮ್ಮಲ್ಲೇ ಆಡುತ್ತಾರೆ. ಕ್ಲಬ್ಬು ಮೇಜು, ಕುರ್ಚಿ, ದೀಪ, ಎಲೆ ಒದಗಿಸಿ ಅದಕ್ಕೆ ಶುಲ್ಕ ಪಡೆಯುತ್ತದೆ. ಯಾರು ಗೆದ್ದರೂ ಯಾರು ಸೋತರೂ ಅದಕ್ಕೆ ಒಂದೇ ಆಗಿರಬೇಕು.

ಇದರ ಮೇಲೆ ಬಂದ ಹೆಸರುವಾಸಿ ಮೊಕದ್ದಮೆ ಸಿಕಂದರಾಬಾದಿನದು. 1963ರಲ್ಲಿ ಅಲ್ಲಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿಗೆ ಪೊಲೀಸರು ದಾಳಿ ಮಾಡಿ, ಹಣ ಕಟ್ಟಿ ರಮ್ಮಿ ಆಡುತ್ತಿದ್ದವರನ್ನು ಹಿಡಿದರು. ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟರು, ಹೈಕೋರ್ಟು ಬಿಡಿಸಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1967ರ ನವೆಂಬರಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ತೀರ್ಪು ಬರೆದರು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು. ಆದ್ದರಿಂದ ಅದು ಮೂರೆಲೆಯ ಆಟದಂತೆ ಬರೀ ಅದೃಷ್ಟದ್ದಲ್ಲ, ಹೆಚ್ಚಾಗಿ ಕೌಶಲದ ಆಟ ಎಂದರು. ಬಿಲಿಯರ್ಡ್ಸ್, ಟೆನಿಸ್ ಆಟಗಳಿಗೆ ಕ್ಲಬ್ಬು ಶುಲ್ಕ ಪಡೆಯುವಂತೆ ಇಸ್ಪೀಟಿಗೂ ಮಿತಿಯಲ್ಲಿ ಪಡೆದರೆ ತಪ್ಪಲ್ಲ ಎಂದರು.

ನಮ್ಮ ರೈತರು ಕೇಳಿದ್ದು ಇಷ್ಟನ್ನೇ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಹಣ ಕಟ್ಟಿ ಆಡುವ ಆಟದಿಂದ ಮನೆಯ ಒಡೆಯನೋ ಕ್ಲಬ್ಬೋ ಲಾಭ ಮಾಡಿಕೊಳ್ಳುತ್ತಿದ್ದರೆ, ಆಟ ರಮ್ಮಿಯೇ ಆದರೂ ಅಪರಾಧವಾಗಬಹುದು. ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದಲ್ಲ, ಗಲ್ಲಾಪೆಟ್ಟಿಗೆಗೆ ಹಣ ಹೇಗೆ ಬರುತ್ತದೆ ಎಂಬುದೇ ಮುಖ್ಯ.

ಇದನ್ನೂ ಲೆಕ್ಕ ಹಾಕಿ ನೋಡೋಣ. ಆರು ಜನ ತಲಾ 1,000 ರೂಪಾಯಿ ತಂದು ಕೂತರು. ಮೇಜಿನ ಮೇಲೆ ಒಟ್ಟು 6,000. ಕ್ಲಬ್ಬು ತಲೆಗೆ 20 ರೂಪಾಯಿ ಕುರ್ಚಿ ಬಾಡಿಗೆ ಪಡೆದರೆ ಹೋದದ್ದು 120, ಉಳಿದದ್ದು ಆರು ಜನರಲ್ಲೇ ತಿರುಗುತ್ತದೆ. ಇನ್ನೊಂದು ಕಡೆ ಬಾಡಿಗೆ ಇಲ್ಲ, ಬದಲಿಗೆ ಪ್ರತಿ ಆಟದ ಗೆಲುವಿನ ಹಣದಲ್ಲಿ ನೂರಕ್ಕೆ ಹತ್ತು ಹಿಡಿಯುತ್ತಾರೆ ಎನ್ನಿ. ತಲಾ 50ರಂತೆ ಒಂದು ಆಟಕ್ಕೆ 300 ಕೂಡಿತು, ಮನೆಗೆ 30. ರಾತ್ರಿಯೆಲ್ಲ 40 ಆಟ ಆದರೆ 1,200 ರೂಪಾಯಿ. ತಂದ ಹಣದ ಐದನೆಯ ಒಂದು ಪಾಲು ಸದ್ದಿಲ್ಲದೆ ಹೋಯಿತು! ಗೆದ್ದವನ ಕೈಯಿಂದ ಹಿಡಿಯುವುದರಿಂದ ಯಾರಿಗೂ ನೋವಾಗುವುದಿಲ್ಲ. ಇಂಥ ಕ್ಲಬ್ಬು ಹೆಸರಿಗೆ ಕ್ಲಬ್ಬು, ಕೆಲಸದಲ್ಲಿ ಕ್ಯಾಸಿನೋವೇ.

ಕೌಶಲದ ಆಟ ಎಂಬ ಮಾತಿಗೂ ಮೋಸಹೋಗಬಾರದು. ಅದರ ಅರ್ಥ, ಚೆನ್ನಾಗಿ ಆಡುವವನು ಹೆಚ್ಚು ಸಲ ಗೆಲ್ಲುತ್ತಾನೆ ಎಂದು. ಹಾಗಾದರೆ ವಾರಕ್ಕೊಮ್ಮೆ ಸಂತೆಗೆ ಬಂದವನು ದಿನವೂ ಆಡುವವನ ಎದುರು ಕೂತರೆ ಹಣ ಯಾವ ಕಡೆ ಹೋದೀತು, ತಾವೇ ಯೋಚಿಸಿ.

ಇನ್ನು ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಡಿಯಲ್ಲಿರುವ ನಮಗೆ ಇದು ಅತಿ ಮುಖ್ಯ. ಕರ್ನಾಟಕದ 1963ರ ಪೊಲೀಸ್ ಕಾಯ್ದೆ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿದೆ; 2021ರಲ್ಲಿ ಅದನ್ನು ಬಿಗಿಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ತೆಲಂಗಾಣದಲ್ಲಾದರೋ 1974ರ ಕಾಯ್ದೆಯಲ್ಲಿದ್ದ ಈ ವಿನಾಯಿತಿಯನ್ನು 2017ರಲ್ಲಿ ತೆಗೆದುಹಾಕಿದರು. ರಮ್ಮಿಗೆ ತೀರ್ಪು ತಂದುಕೊಟ್ಟ ಸಿಕಂದರಾಬಾದಿನಲ್ಲೇ ಹಳೆಯ ಕಥೆ ಹೇಳಿ ಪಾರಾಗುವಂತಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳ ವಿರುದ್ಧ ಸಂಸತ್ತೇ 2025ರ ಆಗಸ್ಟಿನಲ್ಲಿ ನಿಷೇಧದ ಕಾಯ್ದೆ ಮಾಡಿದೆ.

ಆದ್ದರಿಂದ ಬಂಧುಗಳೇ, ಕ್ಲಬ್ಬಿನ ಮೆಟ್ಟಿಲು ಹತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಆಡುವ ಆಟ ಯಾವುದು? ಕ್ಲಬ್ಬು ಹಣ ಪಡೆಯುವುದು ಕುರ್ಚಿಗೋ, ಗೆಲುವಿನಲ್ಲೋ? ನಾನು ನಿಂತ ನೆಲ ಯಾವ ರಾಜ್ಯದ್ದು? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೂ ನಾಲ್ಕನೆಯದೊಂದು ಉಳಿಯುತ್ತದೆ: ಈ ಹಣ ಹೋದರೆ ಮನೆಯಲ್ಲಿ ಏನು ನಿಲ್ಲುತ್ತದೆ?

ಅಂದು ಕೌಂಟರಿನ ಮುಂದೆ ನಿಂತ ಆ ರೈತರಿಗೆ ನಾನು ಈ ಯಾವ ಮಾತೂ ಹೇಳಲಿಲ್ಲ. ಅದು ನನ್ನ ಕೆಲಸವಲ್ಲ ಎಂದುಕೊಂಡು ಒಡವೆ ತೂಗಿಸಿ, ರಸೀದಿ ಬರೆದುಕೊಟ್ಟೆ. ಅವತ್ತು ಹೇಳದಿದ್ದುದನ್ನು ಇವತ್ತು ತಮಗೆ ಹೇಳಿದ್ದೇನೆ.