ಬಿದಿರ ಮೆಳೆ ದಾಟಿ ವೈಮೋಕು ಜಲಪಾತಕ್ಕೆ

ಹವಾಯಿಯ ಮೌಯಿ ದ್ವೀಪಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೋದವರ ರಜೆ ಕಡಲತೀರದಲ್ಲೇ ಮುಗಿದುಬಿಡುವುದುಂಟು. ಒಂದು ದಿನವನ್ನಾದರೂ ದ್ವೀಪದ ಆಗ್ನೇಯ ಮೂಲೆಗೆ ಎತ್ತಿಡಬೇಕು. ಹಾಲೆಯಾಕಲಾ ರಾಷ್ಟ್ರೀಯ ಉದ್ಯಾನದ ಕಿಪಾಹುಲು ಭಾಗದಲ್ಲಿ ಪಿಪಿವೈ ಎಂಬ ಕಾಲುದಾರಿಯಿದೆ. ಹೋಗಿಬರಲು ಸುಮಾರು 6.4 ಕಿ.ಮೀ., ಏರು 200 ಮೀಟರ್ ಆಸುಪಾಸು. ನಡೆದು ರೂಢಿಯಿರುವ ಮಕ್ಕಳಿಗೆ ಕಷ್ಟವಲ್ಲ.

ಇಲ್ಲಿ ಎಲ್ಲವನ್ನೂ ನಡೆಸುವುದು ಮಳೆ. 3,055 ಮೀಟರ್ ಎತ್ತರದ ಹಾಲೆಯಾಕಲಾ ಜ್ವಾಲಾಮುಖಿ ಈಶಾನ್ಯದಿಂದ ಬೀಸುವ ತೇವದ ಗಾಳಿಗೆ ಅಡ್ಡ ನಿಂತಿದೆ. ಗಾಳಿಗೆ ಎದುರಾದ ಈ ಮಗ್ಗುಲಲ್ಲಿ ಮಳೆಕಾಡು, ಬೆಟ್ಟದ ಆಚೆ ಒಣನೆಲ.

ದಾರಿ ಶುರುವಾಗಿ ಒಂದು ಕಿ.ಮೀ. ಕಳೆಯುವಷ್ಟರಲ್ಲಿ, ಮಕ್ಕಳು 'ಇನ್ನೆಷ್ಟು ದೂರ?' ಎಂದು ಕೇಳುವ ಮೊದಲೇ, ಮಕಾಹಿಕು ಜಲಪಾತ ಕಾಣುತ್ತದೆ. ಸುಮಾರು 200 ಅಡಿ ಧುಮುಕುವ ಅದನ್ನು ಎದುರಿನ ಕಟ್ಟೆಯಿಂದಲೇ ನೋಡಬೇಕು. ತುಸು ಮುಂದೆ ಬಿಳಲು ಇಳಿಬಿಟ್ಟ ದೊಡ್ಡ ಆಲದ ಮರ. ನಮ್ಮ ಊರಕಟ್ಟೆಯ ಆಲ ಇಷ್ಟು ದೂರ ಬಂದು ಬೇರೂರಿದೆ! ಕಾಲಡಿ ಉದುರಿ ಬೀಳುವ ಕೆಂಪು ಸೀಬೆಯ ಮೂಲ ಬ್ರೆಜಿಲ್. ಎರಡು ಸೇತುವೆ ದಾಟಿದ ಮೇಲೆ ಆವರಿಸಿಕೊಳ್ಳುವ ಬಿದಿರು ಮೆಳೆಯೂ ಹೊರಗಿನಿಂದಲೇ ಬಂದದ್ದು. ಹವಾಯಿಯ ಮೂಲ ಕಾಡು ಉಳಿದಿರುವುದು ಇನ್ನೂ ಮೇಲಿನ ಕಣಿವೆಯಲ್ಲಿ, ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ.

ವಲಸೆ ಬಂದದ್ದಾದರೇನು, ಮೆಳೆಯ ಸೊಗಸಿಗೆ ಕೊರತೆಯಿಲ್ಲ. ಆಕಾಶ ಮುಚ್ಚುವಂತೆ ಬೆಳೆದ ಬಿದಿರು ಗಾಳಿಗೆ ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತದೆ. ಕೆಸರಾಗದಂತೆ ಮರದ ಹಲಗೆ ಹಾಸಿದ್ದಾರೆ. ಮಳೆ ಬಿದ್ದಾಗ ಆ ಹಲಗೆಯೇ ಜಾರುತ್ತದೆ, ಚಿಕ್ಕವರ ಕೈ ಬಿಡಬಾರದು.

ಮೆಳೆ ಮುಗಿದಲ್ಲಿ ವೈಮೋಕು. ಸುಮಾರು 400 ಅಡಿಯ ಕಪ್ಪು ಬಂಡೆಗೋಡೆಗೆ ಅಂಟಿಕೊಂಡೇ ನೀರು ಇಳಿಯುತ್ತದೆ. ಕತ್ತೆತ್ತಿದರೂ ತುದಿ ಒಂದೇ ನೋಟಕ್ಕೆ ಸಿಗುವುದಿಲ್ಲ. ಬುಡದವರೆಗೆ ಹೋಗಿ ಮೀಯುವ ಆಸೆ ಮಾತ್ರ ಬೇಡ; ಮೇಲಿನಿಂದ ಕಲ್ಲು ಉರುಳುತ್ತವೆ. ನೆತ್ತಿಯ ಮೇಲೆ ಬಿಸಿಲಿರುವಾಗಲೇ ಬೆಟ್ಟದಲ್ಲಿ ಮಳೆ ಸುರಿದು ಹೊಳೆ ಉಬ್ಬುವುದೂ ಉಂಟು. ನೀರು ಏರುತ್ತಿದ್ದರೆ, ಕದಡಿದ್ದರೆ ಹಳ್ಳ ದಾಟದೆ ಹಿಂದಿರುಗುವುದೇ ಜಾಣತನ.

ಇಳಿದು ಬಂದ ಮೇಲೆ ಕಾಲಲ್ಲಿ ಕಸುವಿದ್ದರೆ ಕಡಲ ಕಡೆಗೂ ಒಂದು ಚಿಕ್ಕ ಸುತ್ತು ಹಾಕಬಹುದು. ಅಲ್ಲಿ ಒಹೆಯೊ ಮಡುಗಳು ಮೆಟ್ಟಿಲು ಮೆಟ್ಟಿಲಾಗಿ ಸಮುದ್ರ ಸೇರುತ್ತವೆ.

ಹೋಗುವುದು ಹೇಗೆ?

ಕಹುಲುಯಿ ವಿಮಾನ ನಿಲ್ದಾಣದಿಂದ ಹಾನಾ ಊರಿನ ಮೂಲಕ ಕಾರಿನಲ್ಲಿ ಹೋಗಬೇಕು. ಈ ದಾರಿಯಲ್ಲಿ 600ಕ್ಕೂ ಹೆಚ್ಚು ತಿರುವುಗಳು, 59 ಸೇತುವೆಗಳಿವೆ. ಸೇತುವೆಗಳಲ್ಲಿ ಹೆಚ್ಚಿನವು ಒಂದೇ ವಾಹನದಷ್ಟು ಅಗಲ. ತಿರುವಿಗೆ ಹೊಟ್ಟೆ ತೊಳಸುವ ಮಕ್ಕಳಿದ್ದರೆ ಹಾನಾದಲ್ಲೇ ರಾತ್ರಿ ತಂಗುವುದು ಒಳ್ಳೆಯದು. ಉದ್ಯಾನ ಅಲ್ಲಿಂದ ಸುಮಾರು 19 ಕಿ.ಮೀ. ಪ್ರವೇಶ ಶುಲ್ಕ ಕಾರಿಗೆ 30 ಡಾಲರ್, ಮೂರು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ. ಕುಡಿಯುವ ನೀರು, ಬುತ್ತಿ, ಹಿಡಿತವಿರುವ ಷೂ, ಸೊಳ್ಳೆ ಮುಲಾಮು ಮರೆಯಬೇಡಿ. ಹೊರಡುವ ಮುನ್ನ ಉದ್ಯಾನದ ಕಚೇರಿಯಲ್ಲಿ ದಾರಿ ತೆರೆದಿದೆಯೇ ಎಂದು ವಿಚಾರಿಸಿ.