ಎಮಿಟರ್ ಅನುಸಾರಿ ಮಂಡಲದಲ್ಲಿ ಪ್ರವಾಹವೃದ್ಧಿಯ ಗಣನೆ

ಒಂದೇ ಶಬ್ದವು ಎರಡು ಅರ್ಥಗಳಲ್ಲಿ ಪ್ರಯುಕ್ತವಾದಾಗ ಪ್ರಕರಣಾದಿಗಳಿಂದ ಅರ್ಥನಿರ್ಣಯವಾಗಬೇಕೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ನಿಯಮವು ಕಾವ್ಯಕ್ಕೆ ಮಾತ್ರವಲ್ಲದೆ ವಿದ್ಯುಚ್ಛಾಸ್ತ್ರಕ್ಕೂ ಸಲ್ಲುತ್ತದೆ. 'ಪ್ರವಾಹವೃದ್ಧಿ' ಎಂಬ ಸಂಜ್ಞೆಯು ಒಮ್ಮೆ ಟ್ರಾನ್ಸಿಸ್ಟರೆಂಬ ಉಪಕರಣದ ಗುಣವನ್ನೂ, ಮತ್ತೊಮ್ಮೆ ಅದು ಸೇರಿರುವ ಸಮಗ್ರ ವಿದ್ಯುನ್ಮಂಡಲದ ಗುಣವನ್ನೂ ಹೇಳುತ್ತದೆ. ಇವೆರಡನ್ನೂ ಅಭಿನ್ನವೆಂದು ಭಾವಿಸಿದರೆ ಗಣನೆಯಲ್ಲಿ ಮಹತ್ತಾದ ದೋಷವು ಬರುತ್ತದೆ. ಎಮಿಟರ್ ಅನುಸಾರಿಯೆಂಬ ಮಂಡಲದ ಉದಾಹರಣೆಯಿಂದ ಇದು ವಿಶದವಾಗುವುದು.

೧೯೪೭ನೆಯ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬ ವಿಜ್ಞಾನಿಗಳು ಮೊದಲ ಟ್ರಾನ್ಸಿಸ್ಟರನ್ನು ಸಾಧಿಸಿದರು. ಪ್ರಕೃತ ವಿಚಾರಿಸುವ ಸಂಧಿ ಟ್ರಾನ್ಸಿಸ್ಟರು ೧೯೪೮ರಲ್ಲಿ ಶಾಕ್ಲಿಯವರು ಕಲ್ಪಿಸಿದುದು. ಇದಕ್ಕೆ ಎಮಿಟರ್, ಬೇಸ್, ಕಲೆಕ್ಟರ್ ಎಂಬ ಮೂರು ಅಗ್ರಗಳುಂಟು. ಅರ್ಥಾನುಸಾರವಾಗಿ ಇವನ್ನು ಉತ್ಸರ್ಜಕ, ಆಧಾರ, ಸಂಗ್ರಾಹಕ ಎನ್ನಬಹುದು. ಕೆರೆಯ ತೂಬನ್ನು ಎತ್ತುವ ಅಲ್ಪಬಲವು ಹೊರಡುವ ನೀರೆಲ್ಲವನ್ನೂ ಅಂಕೆಯಲ್ಲಿಡುವಂತೆ, ಆಧಾರದ ಅಲ್ಪಪ್ರವಾಹವು ಸಂಗ್ರಾಹಕದ ಅಧಿಕಪ್ರವಾಹವನ್ನು ನಿಯಮಿಸುತ್ತದೆ. ಎರಡನೆಯದು ಮೊದಲನೆಯದರ ಎಷ್ಟು ಮಡಿಯೋ ಆ ಸಂಖ್ಯೆಗೆ ಬೀಟಾ ಎಂದು ಹೆಸರು. ಈ ಎರಡು ಪ್ರವಾಹಗಳೂ ಉತ್ಸರ್ಜಕದಲ್ಲಿ ಕೂಡುವುದರಿಂದ, ಬೀಟಾ ೧೦೦ ಆಗಿದ್ದರೆ ಉತ್ಸರ್ಜಕದ ಪ್ರವಾಹವು ಆಧಾರಪ್ರವಾಹದ ೧೦೧ ಮಡಿಯಾಗುವುದು.

ಸಂಕೇತವನ್ನು ಆಧಾರಕ್ಕೆ ಕೊಟ್ಟು ಫಲವನ್ನು ಉತ್ಸರ್ಜಕದಿಂದ ಪಡೆಯುವ ಮಂಡಲವೇ ಎಮಿಟರ್ ಅನುಸಾರಿ. ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಉತ್ಸರ್ಜಕದ ವಿಭವವು ಆಧಾರದ ವಿಭವಕ್ಕಿಂತ ಸುಮಾರು ೦.೭ ವೋಲ್ಟ್ ಕೆಳಗಿದ್ದುಕೊಂಡು ಅದರ ಏರಿಳಿತಗಳನ್ನು ಅನುಸರಿಸುವುದರಿಂದ ಈ ಹೆಸರು ಅನ್ವರ್ಥವಾಗಿದೆ. ವಿಭವವು ಹೆಚ್ಚದಿದ್ದರೆ ಪ್ರಯೋಜನವೇನೆಂದು ಶಂಕಿಸಬಾರದು. ಪ್ರವಾಹವು ಹೆಚ್ಚುವುದರಿಂದ, ದುರ್ಬಲವಾದ ಮೂಲವೂ ಅಲ್ಪರೋಧವುಳ್ಳ ಲೋಡನ್ನು ನಡೆಸಬಲ್ಲದು.

ಈಗ ಗಣನೆ. ೧೨ ವೋಲ್ಟಿನ ಬ್ಯಾಟರಿಯ ಎರಡು ಧ್ರುವಗಳಿಂದಲೂ ೧೦೦ ಕಿಲೋ ಓಮಿನ ಒಂದೊಂದು ರೋಧವು ಆಧಾರಕ್ಕೆ ಬಂದಿರಲಿ. ಉತ್ಸರ್ಜಕದಲ್ಲಿ ೧ ಕಿಲೋ ಓಮಿನ ರೋಧವೂ, ಕೆಪಾಸಿಟರಿನ ಮೂಲಕ ಕೂಡಿಸಿದ ೧ ಕಿಲೋ ಓಮಿನ ಲೋಡೂ ಇರಲಿ. ಬೀಟಾ ೧೦೦. ಆಗ ಉತ್ಸರ್ಜಕದ ಸ್ಥಿರಪ್ರವಾಹವು ಸುಮಾರು ೩.೫ ಮಿಲಿ ಆಂಪಿಯರ್. ೨೫ ಮಿಲಿವೋಲ್ಟನ್ನು ಇದರಿಂದ ಭಾಗಿಸಿದರೆ ಉತ್ಸರ್ಜಕದ ಆಂತರರೋಧವು ೭ ಓಮ್ ಆಗುತ್ತದೆ.

ಈ ಮಂಡಲದ ಪ್ರವಾಹವೃದ್ಧಿಯು ೧೦೧ ಎಂಬುದು ಪೂರ್ವಪಕ್ಷ. ಅದು ಸಲ್ಲದು. ಸಂಕೇತಪ್ರವಾಹವೆಲ್ಲವೂ ಆಧಾರವನ್ನು ಸೇರುವುದಿಲ್ಲ. ಏರಿಳಿತಗಳ ದೃಷ್ಟಿಯಿಂದ ಆಧಾರದ ಎರಡು ರೋಧಗಳೂ ಸಮಾಂತರವಾಗಿ ೫೦ ಕಿಲೋ ಓಮ್ ಆಗುತ್ತವೆ. ಉತ್ಸರ್ಜಕದ ರೋಧವೂ ಲೋಡೂ ಸೇರಿ ೫೦೦ ಓಮ್. ಆಂತರರೋಧವನ್ನು ಕೂಡಿಸಿದರೆ ೫೦೭. ಆಧಾರದ ಕಡೆಯಿಂದ ನೋಡಿದಾಗ ಇದು ೧೦೧ ಮಡಿಯಾಗಿ, ಸುಮಾರು ೫೧ ಕಿಲೋ ಓಮಿನಂತೆ ತೋರುತ್ತದೆ. ಹೀಗೆ ಎರಡು ದಾರಿಗಳೂ ಹೆಚ್ಚುಕಡಮೆ ಸಮಾನವಾದುದರಿಂದ ಬಂದ ಪ್ರವಾಹದ ಅರ್ಧವು ಮಾತ್ರ ಆಧಾರಕ್ಕೆ ಸಲ್ಲುತ್ತದೆ. ಅದು ೧೦೧ ಮಡಿಯಾಗಿ ಹೊರಟ ಮೇಲೂ ಅದರ ಅರ್ಧವನ್ನು ಉತ್ಸರ್ಜಕದ ರೋಧವು ಅಪಹರಿಸುತ್ತದೆ. ಆದಕಾರಣ ಲೋಡಿಗೆ ದೊರೆಯುವುದು ೧೦೧ರ ನಾಲ್ಕನೆಯ ಒಂದು ಪಾಲು, ಅಂದರೆ ಸುಮಾರು ೨೫ ಮಡಿ.

ಇದನ್ನು ಪ್ರಕಾರಾಂತರದಿಂದ ಪರೀಕ್ಷಿಸಬಹುದು. ವಿಭವದ ಅನುಪಾತವು ೫೦೦ನ್ನು ೫೦೭ರಿಂದ ಭಾಗಿಸಿದುದು, ಎಂದರೆ ೦.೯೮೬, ಮಂಡಲದ ಪ್ರವೇಶರೋಧವು ಸುಮಾರು ೨೫.೩ ಕಿಲೋ ಓಮ್. ಇವೆರಡನ್ನೂ ಗುಣಿಸಿ ಲೋಡಿನ ೧ ಕಿಲೋ ಓಮಿನಿಂದ ಭಾಗಿಸಿದರೆ ಲಬ್ಧವು ಪುನಃ ೨೫ ಆಗುತ್ತದೆ.

೨ಎನ್೩೯೦೪ ಎಂಬ ಪ್ರಸಿದ್ಧ ಟ್ರಾನ್ಸಿಸ್ಟರಿನ ಬೀಟಾವು ೧೦ ಮಿಲಿ ಆಂಪಿಯರಿನಲ್ಲಿ ೧೦೦ರಿಂದ ೩೦೦ರವರೆಗೆ ಇರಬಹುದೆಂದು ಅದರ ಲಕ್ಷಣಪತ್ರಿಕೆಯೇ ಹೇಳುತ್ತದೆ. ಮೇಲಿನ ಮಂಡಲದಲ್ಲಿ ಬೀಟಾವು ೩೦೦ ಆದರೂ ಪ್ರವಾಹವೃದ್ಧಿಯು ೩೭ಕ್ಕೆ ಮಾತ್ರ ಏರುತ್ತದೆ. ಬೀಟಾವು ಎಷ್ಟೇ ಹೆಚ್ಚಿದರೂ, ಆಧಾರದ ೫೦ ಕಿಲೋ ಓಮ್ ಅಡ್ಡವಿರುವವರೆಗೆ, ೫೦ನ್ನು ದಾಟದು. ಇಂತು ಬೀಟಾವು ಟ್ರಾನ್ಸಿಸ್ಟರಿನ ಧರ್ಮ, ಮಂಡಲದ ವೃದ್ಧಿಯು ಅಲ್ಲಿರುವ ರೋಧಗಳೆಲ್ಲದರ ಸಮುದಾಯಧರ್ಮ ಎಂದು ಸಿದ್ಧವಾಯಿತು. ಶಾಸ್ತ್ರಗ್ರಂಥಗಳನ್ನು ಕನ್ನಡಿಸುವವರು ಮೊದಲನೆಯದನ್ನು 'ಸ್ವಗುಣ'ವೆಂದೂ ಎರಡನೆಯದನ್ನು 'ಮಂಡಲವೃದ್ಧಿ'ಯೆಂದೂ ಬೇರ್ಪಡಿಸಿ ಹೇಳಿದರೆ ಓದುವವರಿಗೆ ಈ ಭ್ರಾಂತಿಯು ಉಂಟಾಗಲಾರದು.